ತುರ್ತು ವಿಕಿರಣಶಾಸ್ತ್ರ: ಸಂಶೋಧನೆ ಮತ್ತು ಶಿಕ್ಷಣ

ಅಪಘಾತಕ್ಕೀಡಾದ ಅಥವಾ ಹಠಾತ್ತನೆ ಪ್ರಾಣಸಂಕಟಕ್ಕೆ ಸಿಕ್ಕಿದ ರೋಗಿಯ ದೇಹದೊಳಗಣ ಕೇಡನ್ನು ಕ್ಷಕಿರಣ, ಶ್ರವಣಾತೀತ ಧ್ವನಿ, ಸಿ.ಟಿ. ಮೊದಲಾದವುಗಳ ಚಿತ್ರದಿಂದ ಅರಿತು, ಚಿಕಿತ್ಸೆಯ ದಾರಿಯನ್ನು ಕೆಲವೇ ನಿಮಿಷಗಳಲ್ಲಿ ತೋರಿಸಿಕೊಡತಕ್ಕ ವೈದ್ಯಶಾಖೆ. 1895ರಲ್ಲಿ ರಾಂಟ್ಜೆನ್ ಕ್ಷಕಿರಣವನ್ನು ಕಂಡ ಸ್ವಲ್ಪಕಾಲದಲ್ಲಿಯೇ ಮುರಿದ ಮೂಳೆಗಳ ಚಿತ್ರಣ ಮೊದಲಾಯಿತಾದರೂ, ತಲೆಬುರುಡೆಯೊಳಗಿನ ರಕ್ತಸ್ರಾವವನ್ನು ಕಣ್ಣಾರೆ ಕಾಣುವ ಯೋಗ ವೈದ್ಯನಿಗೆ ಒದಗಿದುದು 1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರ ಬಳಕೆಗೆ ಬಂದ ಮೇಲೆಯೇ. ಅಮೆರಿಕದ ತುರ್ತು ವಿಕಿರಣಶಾಸ್ತ್ರ ಸಂಘ 1988ರಲ್ಲಿ ಸ್ಥಾಪಿತವಾಯಿತು.

ಮಹಾನಗರದ ವಿದ್ಯಾರ್ಥಿ ಈ ಶಾಸ್ತ್ರವನ್ನು ಬಹುಮಟ್ಟಿಗೆ ರಸ್ತೆ ಅಪಘಾತಗಳಿಂದ ಕಲಿಯುತ್ತಾನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆ ಕಲಿಸುವ ಪಾಠವಾದರೋ ಬೇರೆಯದು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಉಂಡೆಕೊಬ್ಬರಿಯಾಗತಕ್ಕ ಕಾಯಿ ಇಲ್ಲಿ ಬಿಡುವುದು ಎತ್ತರದ ತಳಿಯ ಮರಗಳಲ್ಲಿ. ಅಂತಹ ಮರದ ಸುಳಿಯಿಂದ ಕೈತಪ್ಪಿ ಕಾಲೂರಿ ಬಿದ್ದವನ ದೇಹದಲ್ಲಿ ಪೆಟ್ಟಿನ ವೇಗ ಹಿಮ್ಮಡಿಯಿಂದ ಮೊಣಕಾಲಿಗೆ, ಅಲ್ಲಿಂದ ಸೊಂಟಕ್ಕೆ, ಕಡೆಗೆ ಎದೆಯ ಬೆನ್ನೆಲುಬು ನಡುವಿನ ಬೆನ್ನೆಲುಬನ್ನು ಸಂಧಿಸುವ ಎಡೆಗೆ ಏರುತ್ತದೆ. ಗಾಯಾಳು ನರಳುವುದು ಹಿಮ್ಮಡಿಯ ನೋವಿಗೆ. ಬೆನ್ನಿನ ಮಾತನ್ನು ಅವನೂ ಎತ್ತುವುದಿಲ್ಲ, ಕರೆತಂದವರೂ ಎತ್ತುವುದಿಲ್ಲ. ಹೀಗೆ ಹಿಮ್ಮಡಿ ಮೂಳೆ ಮುರಿದ ಹತ್ತರಲ್ಲೊಬ್ಬನಿಗೆ ಬೆನ್ನೆಲುಬೂ ಮುರಿದಿರುತ್ತದೆಯೆಂಬ ಪಠ್ಯಪುಸ್ತಕದ ಮಾತು ಈ ಸೀಮೆಯಲ್ಲಿ ಕೆಲಸಮಾಡುವವನಿಗೆ ಬಾಯಿಪಾಠವಾಗಿರತಕ್ಕದ್ದು. ಹಿಮ್ಮಡಿಯ ಪಾರ್ಶ್ವಚಿತ್ರದಲ್ಲಿ 20ರಿಂದ 40 ಡಿಗ್ರಿಗಳಷ್ಟಿರಬೇಕಾದ ಬೋಲರ್ ಕೋನ ತಗ್ಗಿದ್ದರೆ ಮೂಳೆ ಕುಸಿದಿದೆಯೆಂದೇ ತಿಳಿಯಬೇಕು. ಬೆನ್ನೆಲುಬಿನ ಚೂರು ಹಿಂದಕ್ಕೆ ಸರಿದು ಹುರಿಯನ್ನು ಒತ್ತುತ್ತಿದೆಯೋ ಇಲ್ಲವೋ ಎಂಬುದನ್ನು ಸಿ.ಟಿ. ಸ್ಪಷ್ಟಪಡಿಸುತ್ತದೆ. ಬೆನ್ನೆಲುಬನ್ನು ಮೂರು ಕಂಬಗಳೆಂದು ಭಾವಿಸಿ ಅದರ ಸ್ಥಿರತೆಯನ್ನು ಅಳೆಯುವ ಡೆನಿಸನ ಕ್ರಮ 1983ರದು.

ಬೀಳುವ ಕಾಯಿಯೂ ಉಪೇಕ್ಷೆಗೆ ತಕ್ಕುದಲ್ಲ. ಪಪುವಾ ನ್ಯೂಗಿನಿಯ ಆಸ್ಪತ್ರೆಯೊಂದಕ್ಕೆ ನಾಲ್ಕು ವರ್ಷಗಳಲ್ಲಿ ದಾಖಲಾದ ಗಾಯಾಳುಗಳನ್ನು ಪರಿಶೀಲಿಸಿದ ಪೀಟರ್ ಬಾರ್ಸ್, ಅವರಲ್ಲಿ ನೂರಕ್ಕೆ 2.5ರಷ್ಟು ಮಂದಿ ತೆಂಗಿನಕಾಯಿಯ ಪೆಟ್ಟು ತಿಂದವರೆಂದು 1984ರಲ್ಲಿ ಬರೆದನು. ಈ ಲೇಖನಕ್ಕೆ 2001ರಲ್ಲಿ ವಿನೋದಾರ್ಥವಾದ ಇಗ್ ನೊಬೆಲ್ ಪಾರಿತೋಷಕ ದೊರೆಯಿತು. ನಕ್ಕವರು ತೆಂಗಿನ ಮರದ ಬುಡದಲ್ಲಿ ಮಲಗಿದ್ದವರಲ್ಲವೆಂದು ಊಹಿಸಬಹುದು. ತಲೆಗೆ ಪೆಟ್ಟು ಬಿದ್ದವನು ಎದ್ದು ಕುಳಿತು, ನೀರು ಕುಡಿದು, ಮಾತನಾಡಿ, ಆಮೇಲೆ ಮಂಕಾಗುತ್ತ ಬಂದರೆ, ಸಿ.ಟಿ.ಯಲ್ಲಿ ಬುರುಡೆಗೆ ಅಂಟಿ ಮಸೂರದಾಕಾರದಲ್ಲಿ ಉಬ್ಬಿದ ರಕ್ತವನ್ನು ಒಡನೆ ಗುರುತಿಸಬಲ್ಲವನೇ ಈ ವಿದ್ಯೆಯಲ್ಲಿ ಪಳಗಿದವನು.

ತುರ್ತು ವೈದ್ಯಕೀಯವನ್ನು ಭಾರತೀಯ ವೈದ್ಯಕೀಯ ಮಂಡಲಿ 2009ರಲ್ಲಿ ಪ್ರತ್ಯೇಕ ಶಾಖೆಯಾಗಿ ಮನ್ನಿಸಿತು. ತುರ್ತು ಚಿತ್ರಣವನ್ನಾದರೋ ಮೂರು ವರ್ಷದ ಎಂ.ಡಿ. ವ್ಯಾಸಂಗದ ವಿದ್ಯಾರ್ಥಿಗಳು ಮುಖ್ಯವಾಗಿ ರಾತ್ರಿ ಪಾಳಿಗಳಲ್ಲಿಯೇ ಕಲಿಯುತ್ತ ಬಂದಿದ್ದಾರೆ. ತಿಪಟೂರಿಗೆ ಸುಮಾರು 70 ಕಿ.ಮೀ. ದೂರದ ತುಮಕೂರಿನಲ್ಲಿ ಶ್ರೀ ಸಿದ್ಧಾರ್ಥ ವೈದ್ಯಕೀಯ ಮಹಾವಿದ್ಯಾಲಯವಿದೆ. ತಲೆಯ ಪೆಟ್ಟಿಗೆ ಬೆಂಗಳೂರಿನ ನಿಮ್ಹಾನ್ಸ್ ಬಹುಕಾಲದ ಆಶ್ರಯ. ಈ ದೂರವನ್ನು ತಂತಿಯ ಮೂಲಕ ಕುಗ್ಗಿಸಬಹುದೆಂಬುದಕ್ಕೂ ಬೆಂಗಳೂರೇ ನಿದರ್ಶನ: ಡಾ. ಅರ್ಜುನ್ ಕಲ್ಯಾಣಪುರ ಅವರು 2002ರಲ್ಲಿ ಅಲ್ಲಿ ಸ್ಥಾಪಿಸಿದ ಟೆಲಿರೇಡಿಯಾಲಜಿ ಸಂಸ್ಥೆ ಅಮೆರಿಕದ ಆಸ್ಪತ್ರೆಗಳ ನಡುರಾತ್ರಿಯ ಚಿತ್ರಗಳನ್ನು ಇಲ್ಲಿಯ ಹಗಲಿನಲ್ಲಿ ಓದಿ ವರದಿ ಕಳುಹಿಸಿತು. ಸಾಗರದಾಚೆಯ ಗಾಯಾಳುವಿಗೆ ಸಾಧ್ಯವಾದುದು ಈ ತೆಂಗಿನ ಸೀಮೆಯ ಹುಳಿಯಾರಿನ ಗಾಯಾಳುವಿಗೆ ಅಸಾಧ್ಯವೆನ್ನಲು ಕಾರಣವಿಲ್ಲ.

ಹೊಟ್ಟೆಯೊಳಗಿನ ರಕ್ತವನ್ನು ಹಾಸಿಗೆಯ ಪಕ್ಕದಲ್ಲಿಯೇ ತೋರಿಸಬಲ್ಲ ಶ್ರವಣಾತೀತ ಧ್ವನಿಯ ಸ್ಕ್ಯಾನಿಂಗ್ ಯಂತ್ರ, ಭ್ರೂಣಲಿಂಗಪತ್ತೆಯನ್ನು ನಿಷೇಧಿಸಿದ 1994ರ ಕಾಯಿದೆಯ ನೋಂದಣಿಗೆ ಒಳಪಟ್ಟಿದೆ. ಆ ಕಟ್ಟುಪಾಡು ಅವಶ್ಯವಾದುದೇ ಆದರೂ, ಯಂತ್ರವನ್ನು ಎಲ್ಲೆಂದರಲ್ಲಿ ಒಯ್ಯುವುದಕ್ಕೆ ಅದು ಅಡ್ಡಿ.

ಸಂಶೋಧನೆಯ ಮೂಲದ್ರವ್ಯ ಯಂತ್ರವಲ್ಲ, ಚಿತ್ರದೊಡನೆ ಬರುವ ಚೀಟಿ. ಅದರಲ್ಲಿ ‘ಬಿದ್ದ ಪೆಟ್ಟು’ ಎಂದಷ್ಟೇ ಬರೆದಿದ್ದರೆ ಮರ ಹತ್ತಿದವನೂ ಮೆಟ್ಟಿಲಲ್ಲಿ ಜಾರಿದವನೂ ಒಂದೇ ಲೆಕ್ಕಕ್ಕೆ ಸೇರುತ್ತಾರೆ. ಆದುದರಿಂದ ಎಷ್ಟು ಮಾರು ಎತ್ತರದಿಂದ, ಉತ್ತ ನೆಲಕ್ಕೋ ಕಲ್ಲುಬದುವಿಗೋ, ಕಾಲೂರಿಯೋ ಬೆನ್ನಡಿಯಾಗಿಯೋ ಬಿದ್ದನೆಂಬುದನ್ನು ಕರೆತಂದವರು ಹಿಂದಿರುಗುವ ಮುನ್ನ ಕೇಳಿ ಬರೆದಿಡುವುದು ವಿದ್ಯಾರ್ಥಿಯ ಮೊದಲ ಅಭ್ಯಾಸ.