ಅಕ್ಕಿಆಲೂರಿನ ರೋಮನ್ ಹೊನ್ನು: ನಾಣ್ಯದಿಂದ ಒಡವೆಗೆ

ರೋಣ ಸೀಮೆಯ ಮುಶಿಗೇರಿಯಲ್ಲಿ ಜನಪದ ಆಭರಣಗಳ ಕುರಿತು ಕ್ಷೇತ್ರಕಾರ್ಯ ಕೈಗೊಂಡಿದ್ದಾಗ ಹಿರಿಯಳೊಬ್ಬಳು ತನ್ನ ಪುತಳಿ ಸರವನ್ನು ತೋರಿಸುತ್ತ, "ಗೊಂಬಿ ತಲಿಕೆಳಗ ಆಗಬಾರದ್ರಿ, ಅದಕ್ಕ ಕೊಂಡಿ ತಲಿ ಮ್ಯಾಲ ಹಾಕಿಸಿರತಾರ" ಎಂದಳು. ಪುತಳಿ ಎಂದರೆ ಬೊಂಬೆ. ವೆನಿಸ್ಸಿನ ಚಿನ್ನದ ನಾಣ್ಯದ ಮೇಲಿನ ಆಕೃತಿಯೇ ಈ ಹೆಸರಿಗೆ ಮೂಲ. ಆಕೆಯ ಮಾತು ಹಾನಗಲ್ಲು ತಾಲೂಕಿನ ಅಕ್ಕಿಆಲೂರಿನ ನಿಧಿಯನ್ನು ಬೇರೊಂದು ಬಗೆಯಲ್ಲಿ ನೋಡಲು ನನಗೆ ದಾರಿ ತೋರಿತು. 1997ರವರೆಗೆ ಎರಡೂ ಊರುಗಳು ಧಾರವಾಡ ಜಿಲ್ಲೆಯವೇ.

ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ದೊರೆತವು ಅಗಸ್ಟಸ್, ಟೈಬೀರಿಯಸರ ಕಾಲದ ಬೆಳ್ಳಿಯ ನಾಣ್ಯಗಳು. ಅಕ್ಕಿಆಲೂರಿನವು ಚಿನ್ನದವು; ನಲವತ್ತಕ್ಕೂ ಮಿಗಿಲು. ಅವುಗಳಲ್ಲಿ ಬಹುಪಾಲು ಕಾನ್‌ಸ್ಟಾಂಟಿನೋಪಲ್‌ನಿಂದ ಆಳಿದ ಚಕ್ರವರ್ತಿಗಳವು. ಎರಡನೆಯ ಥಿಯೊಡೋಸಿಯಸ್ (ಕ್ರಿ.ಶ. 408-450) ಮೊದಲ್ಗೊಂಡು ಒಂದನೆಯ ಜಸ್ಟಿನ್‌ವರೆಗೆ (518-527) ಇವುಗಳ ಕಾಲವ್ಯಾಪ್ತಿ. ಥಿಯೊಡೋಸಿಯಸ್ ಹುಟ್ಟಿನಿಂದಲೇ ಅರಮನೆಯವನು; ಜಸ್ಟಿನನಾದರೋ ರೈತಾಪಿ ಮನೆತನದಿಂದ ಸೈನ್ಯ ಸೇರಿ ಪಟ್ಟಕ್ಕೇರಿದವನು. ಬನವಾಸಿಯ ಕದಂಬರು ಈ ನೆಲವನ್ನು ಆಳುತ್ತಿದ್ದ ಕಾಲವದು.

ಕಾನ್‌ಸ್ಟಾಂಟೈನ್ ಜಾರಿಗೆ ತಂದ ಸಾಲಿಡಸ್ ಎಂಬ ಈ ನಾಣ್ಯದ ತೂಕ ಸುಮಾರು 4.5 ಗ್ರಾಂ, ಒಂದು ರೋಮನ್ ಪೌಂಡ್ ಚಿನ್ನಕ್ಕೆ 72 ನಾಣ್ಯಗಳು. ಶಿರಸ್ತ್ರಾಣ ಧರಿಸಿ ಭರ್ಜಿ ಹಿಡಿದ ಚಕ್ರವರ್ತಿ ಒಂದು ಬದಿ, ವಿಜಯದೇವತೆ ಇನ್ನೊಂದು ಬದಿ. ದಕ್ಷಿಣ ಭಾರತದಲ್ಲಿ ದೊರೆತ ಇಂತಹ ಅನೇಕ ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲೆ ಜೋಡಿ ತೂತುಗಳಿವೆ. ಒಂದೇ ತೂತಿದ್ದರೆ ನಾಣ್ಯ ದಾರದಲ್ಲಿ ತಿರುಗೀತು. ಎರಡಿದ್ದರೆ ಮುಖ ಮುಂದಕ್ಕೇ ನಿಲ್ಲುತ್ತದೆ. ಸಂಗ್ರಾಹಕರ ಪಟ್ಟಿಗಳಲ್ಲಿ ತೂತು ದೋಷವೆನಿಸಿ ಬೆಲೆ ಇಳಿಸುತ್ತದೆ. ಜಾನಪದ ವಿದ್ವಾಂಸನಿಗೆ ಅದುವೇ ಮುಖ್ಯ ಆಧಾರ. ಚಕ್ರವರ್ತಿಯ ಹೆಸರು ಅಂಚಿನ ಬರಹದಲ್ಲಿದೆ; ನಾಣ್ಯವನ್ನು ತೊಟ್ಟವರ ಗುರುತು ಈ ತೂತಿನಲ್ಲಿ ಮಾತ್ರ.

ಇಲ್ಲಿನ ಅಕ್ಕಸಾಲಿಗರು ಇವುಗಳ ಅನುಕರಣೆಗಳನ್ನೂ ಮಾಡಿದರು. ಅವುಗಳಲ್ಲಿ ಲ್ಯಾಟಿನ್ ಅಕ್ಷರಗಳು ಬರಿಯ ಗೆರೆಗಳಾಗಿವೆ, ಮುಖ ಮಾತ್ರ ಉಳಿದಿದೆ. ಇವನ್ನು ಖೋಟಾ ನಾಣ್ಯವೆಂದು ತಳ್ಳಿಹಾಕುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಓದುವ ಅಗತ್ಯವಿಲ್ಲದ ಒಡವೆಗೆ ಅಕ್ಷರವೇಕೆ? ಆದರೆ ನಿಧಿಯ ನಾಣ್ಯಗಳು ಬಿಡಿಬಿಡಿಯಾಗಿ ಮಾರಾಟವಾದರೆ, ಅಸಲು ಮತ್ತು ಅನುಕರಣೆ ಒಂದೇ ಸರದಲ್ಲಿದ್ದವೇ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲದಾಗುತ್ತದೆ.

ಮರುವರ್ಷ ಮುಶಿಗೇರಿಗೆ ಹೋದಾಗ ಆ ಪುತಳಿ ಸರ ಮೊಮ್ಮಗಳ ಮದುವೆಯ ಬಳೆಗಳಾಗಿತ್ತು. ಕೊಂಡಿ ಎಲ್ಲಿತ್ತೆಂಬುದನ್ನು ನಾನು ಬರೆದುಕೊಂಡಿದ್ದೆ, ಪುತಳಿಗಳೆಷ್ಟಿದ್ದವೆಂದು ಎಣಿಸಿರಲಿಲ್ಲ.