ಗ್ರೇ ವಾಲ್ಟರ್ ಅವರ ಆಮೆಗಳು: ಕೃತಕ ಬುದ್ಧಿಮತ್ತೆಯ ಚರಿತ್ರೆಯನ್ನು ಎಲ್ಲಿಂದ ಆರಂಭಿಸಬೇಕು?

ಕೃತಕ ಬುದ್ಧಿಮತ್ತೆಯ ಚರಿತ್ರೆ ಬರೆಯುವವರು ಬಹುಮಟ್ಟಿಗೆ 1956ರ ಡಾರ್ಟ್‌ಮತ್ ಸಮಾವೇಶದಿಂದ ತೊಡಗುತ್ತಾರೆ. ಹಾಗೆ ತೊಡಗಿದರೆ, ಬುದ್ಧಿಯೆಂದರೆ ಸಂಕೇತಗಳ ಮೇಲೆ ನಡೆಯುವ ತರ್ಕ, ರೋಬಾಟಿನ ಒಡಲು ಅದಕ್ಕೆ ಆಮೇಲೆ ಸೇರಿದ ಸಲಕರಣೆ ಎಂಬ ಗ್ರಹಿಕೆಯನ್ನು ಚರ್ಚೆಯಿಲ್ಲದೆ ಒಪ್ಪಿದಂತಾಗುತ್ತದೆ. ಅದಕ್ಕೂ ಏಳೆಂಟು ವರ್ಷ ಮೊದಲು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನಡೆದ ಪ್ರಯೋಗ ಈ ಗ್ರಹಿಕೆಗೆ ಎದುರಾಗಿ ನಿಲ್ಲುತ್ತದೆ.

ಅಲ್ಲಿನ ಬರ್ಡನ್ ನರವಿಜ್ಞಾನ ಸಂಸ್ಥೆಯಲ್ಲಿ ಮಿದುಳಿನ ವಿದ್ಯುತ್ ತರಂಗಗಳನ್ನು ಅಭ್ಯಸಿಸುತ್ತಿದ್ದ ವಿಲಿಯಂ ಗ್ರೇ ವಾಲ್ಟರ್ 1948–49ರಲ್ಲಿ ಎಲ್ಮರ್, ಎಲ್ಸಿ ಎಂಬ ಎರಡು ಯಂತ್ರದ ಆಮೆಗಳನ್ನು ಕಟ್ಟಿದರು. ಒಂದೊಂದರಲ್ಲೂ ಇದ್ದದ್ದು ಎರಡು ವಾಲ್ವು, ಎರಡು ಮೋಟಾರು, ಒಂದು ದ್ಯುತಿಕೋಶ ಮತ್ತು ಚಿಪ್ಪಿಗೆ ಏನಾದರೂ ತಗುಲಿದರೆ ಕೂಡಿಕೊಳ್ಳುವ ಒಂದು ಸ್ವಿಚ್ಚು. ಕಂಪ್ಯೂಟರ್ ಇರಲಿಲ್ಲ, ಪ್ರೋಗ್ರಾಮೂ ಇರಲಿಲ್ಲ. ಮಂದ ಬೆಳಕು ಕಂಡರೆ ಆಮೆ ಅದರತ್ತ ಸಾಗುತ್ತಿತ್ತು; ಬೆಳಕು ಪ್ರಖರವಾದರೆ ಬೇರೆಡೆಗೆ ತಿರುಗುತ್ತಿತ್ತು; ಅಡ್ಡಿ ಎದುರಾದರೆ ತಳ್ಳಿ, ತಿರುಗಿ, ಬಳಸಿಕೊಂಡು ಹೋಗುತ್ತಿತ್ತು. ಎಲ್ಲಕ್ಕಿಂತ ಗಮನಾರ್ಹವಾದದ್ದು ಬ್ಯಾಟರಿ ಇಳಿದಾಗಿನ ವರ್ತನೆ. ವಿದ್ಯುತ್ ಕುಗ್ಗಿದಂತೆ ವರ್ಧಕದ ಸೂಕ್ಷ್ಮತೆಯೂ ಕುಗ್ಗುತ್ತಿತ್ತು. ಅದುವರೆಗೆ ದೂರ ಸರಿಸುತ್ತಿದ್ದ, ಬ್ಯಾಟರಿ ತುಂಬಿಸುವ ಗೂಡಿನ ದೀಪವೇ ಆಗ ಸೆಳೆಯುತ್ತಿತ್ತು. ಆಮೆ ಒಳಹೊಕ್ಕು ಬ್ಯಾಟರಿ ತುಂಬಿಸಿಕೊಳ್ಳುತ್ತಿತ್ತು. ಆ ವಿದ್ಯುನ್ಮಂಡಲದಲ್ಲಿ ಹಸಿವಿಗೆಂದೇ ಮೀಸಲಾದ ಭಾಗ ಯಾವುದೂ ಇಲ್ಲ. ಒಡಲು ಬಳಲಿದ್ದರಿಂದಲೇ ಗೂಡಿಗೆ ಮರಳುವ ವರ್ತನೆ ಹುಟ್ಟಿತು. ವಾಲ್ಟರ್ ಅವರ ಸಾಧನೆಯ ತಿರುಳು ಇದೇ ಎಂದು ನಾನು ಭಾವಿಸುತ್ತೇನೆ.

ಮುಂದಿನದನ್ನು ಯೋಜಿಸುವುದು ಈ ಆಮೆಗಳಿಗೆ ಸಾಧ್ಯವಿರಲಿಲ್ಲ, ನಿಜ. 1966ರಿಂದ 1972ರವರೆಗೆ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ‘ಶೇಕಿ’ ಎಂಬ ರೋಬಾಟ್ ಅದನ್ನು ಮಾಡಿ ತೋರಿಸಿತು. ಇಂದಿಗೂ ಬಳಕೆಯಲ್ಲಿರುವ, ದಾರಿ ಹುಡುಕುವ ‘ಎ-ಸ್ಟಾರ್’ ವಿಧಾನ 1968ರಲ್ಲಿ ಪ್ರಕಟವಾದದ್ದು ಆ ಯೋಜನೆಯ ಫಲವಾಗಿಯೇ. ಆದರೆ ಶೇಕಿ ಓಡಾಡಲು ಅದಕ್ಕೆಂದೇ ಅಣಿಗೊಳಿಸಿದ ಕೋಣೆಗಳು, ಸರಳ ಆಕಾರದ ದಿಮ್ಮಿಗಳು ಬೇಕಾಗಿದ್ದವು.

ಈ ಮಿತಿಯನ್ನು ಕಂಡ ಎಂ.ಐ.ಟಿ.ಯ ರಾಡ್ನಿ ಬ್ರೂಕ್ಸ್, ಜಗತ್ತಿನ ಒಳನಕ್ಷೆಯನ್ನು ನೆಚ್ಚದೆ ಸಂವೇದನೆಯನ್ನು ಚಲನೆಗೆ ನೇರವಾಗಿ ಬೆಸೆಯುವ ಪದರಗಳ ರಚನೆಯನ್ನು 1986ರಲ್ಲಿ ಮಂಡಿಸಿದರು. ಹುಡುಗನಾಗಿದ್ದಾಗಲೇ ಅವರು ವಾಲ್ಟರ್ ಅವರ ‘ದ ಲಿವಿಂಗ್ ಬ್ರೇನ್’ (1953) ಓದಿದ್ದರು. ಅವರು ಸಹಸ್ಥಾಪಕರಾಗಿದ್ದ ಐರೋಬಾಟ್ ಕಂಪನಿ 2002ರಲ್ಲಿ ತಂದ ಕಸ ಗುಡಿಸುವ ‘ರೂಂಬಾ’ದ ಮೊದಲ ಮಾದರಿಯೂ ಮನೆಯ ನಕ್ಷೆಯಿಲ್ಲದೆ, ತಗುಲಿದಲ್ಲಿ ತಿರುಗುತ್ತಲೇ ಕೆಲಸ ಮುಗಿಸುತ್ತಿತ್ತು.

ರೋಬಾಟಿಕ್ಸನ್ನು ಕೃತಕ ಬುದ್ಧಿಮತ್ತೆಯ ಒಂದು ಅನ್ವಯವೆಂದು ಕೊನೆಯ ಅಧ್ಯಾಯಗಳಿಗೆ ಸರಿಸುವ ಪಠ್ಯಕ್ರಮ ಬದಲಾಗಬೇಕು. ಬ್ರಿಸ್ಟಲ್‌ನ ಪ್ರಯೋಗಕ್ಕೆ ಮೊದಲ ಅಧ್ಯಾಯದಲ್ಲೇ ಜಾಗ ಸಲ್ಲಬೇಕು.