ಚದುರಂಗದ ಅಂತ್ಯಾಟಗಳ ಗಣಕ ವಿಶ್ಲೇಷಣೆ

ಚದುರಂಗದ ಅಂತ್ಯಾಟಗಳ ಗಣಕ ವಿಶ್ಲೇಷಣೆ ಎಂದರೆ ಹಲಗೆಯ ಮೇಲೆ ಕೆಲವೇ ಕಾಯಿಗಳು ಉಳಿದಿರುವಾಗ ಆ ಸ್ಥಿತಿ ಗೆಲುವೋ, ಸೋಲೋ, ಡ್ರಾವೋ ಎಂಬುದನ್ನು ಗಣಕಯಂತ್ರದ ನೆರವಿನಿಂದ ನಿರ್ಣಯಿಸುವ ಕ್ರಮ. ಇದಕ್ಕೆ ಎರಡು ಬಗೆಯ ಸಾಧನಗಳಿವೆ. ಮೊದಲನೆಯದು ಚೆಸ್ ಎಂಜಿನ್. ಇದು ಇದ್ದ ಸ್ಥಿತಿಯಿಂದ ನಡೆಗಳನ್ನು ಮುಂದಕ್ಕೆ ಎಣಿಸುತ್ತ ಹೋಗಿ ಅಂಕದ ರೂಪದಲ್ಲಿ ಒಂದು ಅಂದಾಜನ್ನು ಕೊಡುತ್ತದೆ. ಎರಡನೆಯದು ಟೇಬಲ್‌ಬೇಸ್, ಅಂದರೆ ಅಂತ್ಯಾಟ ಕೋಷ್ಟಕ. ಇದು ಶಹಮಾತ್ ಆದ ಸ್ಥಿತಿಗಳಿಂದ ಹಿಂದಕ್ಕೆ ಎಣಿಸಿ ಸಿದ್ಧಪಡಿಸಿದ, ತಪ್ಪಿಲ್ಲದ ಉತ್ತರಗಳ ಭಂಡಾರ. ಒಂದು ಹೇಳುವುದು ಅಭಿಪ್ರಾಯ, ಇನ್ನೊಂದು ಹೇಳುವುದು ನಿರ್ಣಯ. ಈ ವ್ಯತ್ಯಾಸವನ್ನು ಮರೆತಾಗಲೇ ಕಠಿಣ ಅಂತ್ಯಾಟಗಳ ವಿಶ್ಲೇಷಣೆಯಲ್ಲಿ ಹೆಚ್ಚಿನ ತಪ್ಪುಗಳು ನುಸುಳುತ್ತವೆ.

ಈ ಲೇಖನದಲ್ಲಿ ಮಂತ್ರಿ ಎಂದರೆ ಕ್ವೀನ್, ಆನೆ ಎಂದರೆ ರೂಕ್, ಒಂಟೆ ಎಂದರೆ ಬಿಷಪ್. ಕಾಯಿಗಳ ಎಣಿಕೆಯಲ್ಲಿ ಎರಡೂ ಕಡೆಯ ರಾಜರು ಸೇರಿರುತ್ತಾರೆ.

ಎಂಜಿನ್ ಮತ್ತು ಅದರ ಮಿತಿ

ಸ್ಟಾಕ್‌ಫಿಶ್‌ನಂತಹ ಎಂಜಿನ್ ಕ್ಷಣವೊಂದಕ್ಕೆ ಲಕ್ಷಾಂತರ ಸ್ಥಿತಿಗಳನ್ನು ಪರಿಶೀಲಿಸುತ್ತದೆ. 2020ರಿಂದ ಅದರ ಮೌಲ್ಯಮಾಪನಕ್ಕೆ ನರಜಾಲದ ನೆರವೂ ಸೇರಿದೆ. ಹೀಗಿದ್ದರೂ ಅದು ಕೊಡುವ ಅಂಕ ಎಣಿಕೆ ನಿಂತ ಜಾಗದ ಅಂದಾಜು ಮಾತ್ರ. ಬಿಳಿಯ ಬಳಿ ಒಂದು ಒಂಟೆಯೂ ಎಚ್ ಸಾಲಿನ ಒಂದು ಪದಾತಿಯೂ ಇದ್ದು, ಕಪ್ಪಿನ ಬಳಿ ರಾಜನೊಬ್ಬನೇ ಉಳಿದಿದ್ದಾನೆ ಎಂದುಕೊಳ್ಳೋಣ. ಕಾಯಿಗಳ ಲೆಕ್ಕದಲ್ಲಿ ಇದು ಬಿಳಿಗೆ ನಿಚ್ಚಳ ಗೆಲುವು. ಆದರೆ ಆ ಒಂಟೆ ಬಿಳಿ ಮನೆಗಳಲ್ಲಿ ಚಲಿಸುವಂಥದ್ದಾಗಿದ್ದು, ಕಪ್ಪು ರಾಜ ಎಚ್8 ಮೂಲೆಯನ್ನು ಹಿಡಿದು ಕುಳಿತರೆ ಅವನನ್ನು ಅಲ್ಲಿಂದ ಎಬ್ಬಿಸಲು ಸಾಧ್ಯವಿಲ್ಲ. ಎಚ್8 ಕಪ್ಪು ಬಣ್ಣದ ಮನೆ. ಒಂಟೆ ಅದನ್ನು ಎಂದಿಗೂ ಮುಟ್ಟಲಾರದು. ಹಳೆಯ ಎಂಜಿನ್‌ಗಳು ಇಂತಹ ಸ್ಥಿತಿಯನ್ನೂ ಗೆಲುವೆಂದೇ ತೋರಿಸುತ್ತಿದ್ದವು. ಹೀಗೆ ಭೇದಿಸಲಾಗದ ರಕ್ಷಣೆಗೆ ಕೋಟೆ ಎಂಬ ಹೆಸರಿದೆ. ಸರಳ ಕೋಟೆಗಳನ್ನು ಇಂದಿನ ಎಂಜಿನ್‌ಗಳು ಗುರುತಿಸುತ್ತವೆಯಾದರೂ, ಹೆಚ್ಚು ಕಾಯಿಗಳಿರುವ ಕೋಟೆಗಳ ಮುಂದೆ ಅವು ಈಗಲೂ ದೊಡ್ಡ ಅಂಕವನ್ನೇ ತೋರಿಸುತ್ತ, ಗೆಲುವಿನ ದಾರಿ ಸಿಗದೆ ಕಾಯಿಗಳನ್ನು ಹಿಂದೆ ಮುಂದೆ ಸರಿಸುತ್ತಿರುತ್ತವೆ.

ಎರಡನೆಯ ತೊಡಕು ಜುಗ್ಜ್ವಾಂಗ್. ನಡೆಯಲೇಬೇಕಾದ ಸರದಿಯೇ ಆಟಗಾರನಿಗೆ ಹಾನಿಯಾಗುವ ಸ್ಥಿತಿಗೆ ಈ ಜರ್ಮನ್ ಹೆಸರಿದೆ. ಬಿಳಿ ರಾಜ ಡಿ5ರಲ್ಲಿ, ಬಿಳಿ ಪದಾತಿ ಇ4ರಲ್ಲಿ, ಕಪ್ಪು ರಾಜ ಎಫ್4ರಲ್ಲಿ, ಕಪ್ಪು ಪದಾತಿ ಇ5ರಲ್ಲಿ ಇದ್ದರೆ, ಸರದಿ ಯಾರದ್ದೋ ಅವರು ತಮ್ಮ ಪದಾತಿಯ ಕಾವಲು ಬಿಟ್ಟು ಸರಿಯಬೇಕಾಗುತ್ತದೆ, ಸೋಲುತ್ತಾರೆ. ಎಂಜಿನ್‌ಗಳು ಸಮಯ ಉಳಿಸಲು ಬಳಸುವ ಒಂದು ಉಪಾಯ ಇಲ್ಲಿಯೇ ಅವುಗಳಿಗೆ ಮುಳುವಾಗುತ್ತದೆ. ಒಂದು ಕಡೆಯವರು ಸರದಿ ಬಿಟ್ಟುಕೊಟ್ಟರೂ ಅವರ ಸ್ಥಿತಿ ಉತ್ತಮವಾಗಿಯೇ ಉಳಿಯುವುದಾದರೆ ಆ ಶಾಖೆಯನ್ನು ಮುಂದೆ ನೋಡಬೇಕಿಲ್ಲ ಎಂಬುದು ಆ ಉಪಾಯ. ನಡೆಯುವುದು ಯಾವಾಗಲೂ ಲಾಭದಾಯಕ ಎಂಬ ನಂಬಿಕೆ ಇದರ ತಳಹದಿ. ಜುಗ್ಜ್ವಾಂಗ್‌ನಲ್ಲಿ ಸುಳ್ಳಾಗುವುದು ಆ ನಂಬಿಕೆಯೇ. ಆದ್ದರಿಂದ ಪದಾತಿಗಳು ಮಾತ್ರ ಉಳಿದಾಗ ಎಂಜಿನ್‌ಗಳು ಈ ಉಪಾಯವನ್ನು ಸಾಮಾನ್ಯವಾಗಿ ಕೈಬಿಡುತ್ತವೆ.

ಹಿಮ್ಮುಖ ಎಣಿಕೆ

ಟೇಬಲ್‌ಬೇಸ್ ರಚನೆಯ ಕ್ರಮ ತತ್ತ್ವತಃ ಸರಳ. ಆಯ್ದ ಕಾಯಿಗಳ ಗುಂಪಿನಿಂದ ಸಾಧ್ಯವಾಗುವ ಎಲ್ಲ ಸ್ಥಿತಿಗಳನ್ನೂ ಪಟ್ಟಿಮಾಡಿ, ಅವುಗಳಲ್ಲಿ ಈಗಾಗಲೇ ಶಹಮಾತ್ ಆಗಿರುವವನ್ನು ಗುರುತಿಸಲಾಗುತ್ತದೆ. ಅಂತಹ ಸ್ಥಿತಿಗೆ ಒಂದೇ ನಡೆಯಲ್ಲಿ ತಲುಪಬಲ್ಲವು ಒಂದು ನಡೆಯ ಗೆಲುವುಗಳು. ಎದುರಾಳಿ ಯಾವ ನಡೆ ನಡೆದರೂ ಗೆಲುವಿನ ಸ್ಥಿತಿಗೇ ಬಂದು ಬೀಳುವಂಥವು ಸೋಲಿನ ಸ್ಥಿತಿಗಳು. ಹೀಗೆ ಸುತ್ತು ಸುತ್ತಾಗಿ ಹಿಂದೆ ಸರಿಯುತ್ತ, ಹೊಸದಾಗಿ ಗುರುತು ಹಾಕಲು ಏನೂ ಉಳಿಯದಿದ್ದಾಗ ಎಣಿಕೆ ನಿಲ್ಲುತ್ತದೆ. ಗುರುತಾಗದೆ ಉಳಿದವೆಲ್ಲ ಡ್ರಾ. ಕಾಯಿ ಹೊಡೆದಾಗ ಆಟ ಇನ್ನೂ ಚಿಕ್ಕ ಕೋಷ್ಟಕಕ್ಕೆ ಇಳಿಯುವುದರಿಂದ ಚಿಕ್ಕವನ್ನು ಮೊದಲು ಸಿದ್ಧಪಡಿಸಿಕೊಳ್ಳಬೇಕು. ಕ್ಯಾಸ್ಲಿಂಗ್ ಹಕ್ಕು ಉಳಿದಿರುವ ಸ್ಥಿತಿಗಳು ಅಂತ್ಯಾಟದಲ್ಲಿ ಅಪರೂಪವಾದ್ದರಿಂದ ಕೋಷ್ಟಕಗಳು ಅವನ್ನು ಸೇರಿಸಿಕೊಳ್ಳುವುದಿಲ್ಲ.

ಕಷ್ಟವಿರುವುದು ಗಾತ್ರದಲ್ಲಿ. ಏಳು ಕಾಯಿಗಳವರೆಗಿನ ನಿಯಮಬದ್ಧ ಸ್ಥಿತಿಗಳ ಸಂಖ್ಯೆ ಸುಮಾರು 424 ಲಕ್ಷ ಕೋಟಿ. ಮಾಸ್ಕೋ ವಿಶ್ವವಿದ್ಯಾಲಯದ ಲೊಮೊನೊಸೊವ್ ಮಹಾಗಣಕದಲ್ಲಿ 2012ರಲ್ಲಿ ಪೂರ್ಣಗೊಂಡ ಏಳು ಕಾಯಿಗಳ ಕೋಷ್ಟಕ ಸುಮಾರು 140 ಟೆರಾಬೈಟ್ ಜಾಗ ಹಿಡಿಯಿತು. ರೊನಾಲ್ಡ್ ಡಿ ಮಾನ್ 2013ರಲ್ಲಿ ಪ್ರಕಟಿಸಿದ ಸಿಜಿಜಿ ಮಾದರಿ ಇದನ್ನು ಬಹಳವಾಗಿ ಕುಗ್ಗಿಸಿತು. ಅದರ ಆರು ಕಾಯಿಗಳ ಕೋಷ್ಟಕ ಸುಮಾರು 150 ಗಿಗಾಬೈಟ್ ಮಾತ್ರ. ಸಾಮಾನ್ಯ ಗಣಕಯಂತ್ರದಲ್ಲಿಯೇ ಇಟ್ಟುಕೊಳ್ಳಬಹುದು. 2018ರಲ್ಲಿ ಏಳು ಕಾಯಿಗಳ ಸಿಜಿಜಿ ಕೋಷ್ಟಕವೂ ಪೂರ್ಣಗೊಂಡಿತು. ಲಿಚೆಸ್ ಜಾಲತಾಣ ಅದನ್ನು ಉಚಿತವಾಗಿ ಒದಗಿಸುತ್ತಿರುವುದರಿಂದ, ಹಿಂದೆ ಮಹಾಗಣಕ ಬೇಕಾಗಿದ್ದ ಉತ್ತರವನ್ನು ಗದಗ ಜಿಲ್ಲೆಯ ಮುಂಡರಗಿಯಂತಹ ತಾಲ್ಲೂಕು ಕೇಂದ್ರದ ಆಟಗಾರನೂ ಮೊಬೈಲಿನಲ್ಲಿ ಪಡೆಯಬಲ್ಲ.

ಬದಲಾದ ತೀರ್ಮಾನಗಳು

ಯುನಿಕ್ಸ್ ಕಾರ್ಯವ್ಯವಸ್ಥೆಯ ನಿರ್ಮಾತೃಗಳಲ್ಲೊಬ್ಬರಾದ ಕೆನ್ ಥಾಂಪ್ಸನ್ 1970ರ ದಶಕದ ಕೊನೆಯಲ್ಲಿ ಮಂತ್ರಿ ಮತ್ತು ಆನೆಯ ನಡುವಿನ ಅಂತ್ಯಾಟದ ಕೋಷ್ಟಕವನ್ನು ರಚಿಸಿದರು. ಮಂತ್ರಿಯಿದ್ದವರಿಗೆ ಇದು ಸುಲಭದ ಗೆಲುವೆಂದು ಪುಸ್ತಕಗಳು ಹೇಳುತ್ತಿದ್ದವು. ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ವಾಲ್ಟರ್ ಬ್ರೌನ್ ತಾವು ಗೆಲ್ಲುವುದಾಗಿ 100 ಡಾಲರ್ ಪಂಥ ಕಟ್ಟಿ ಕೋಷ್ಟಕದ ಎದುರು ಕುಳಿತರು. 31 ನಡೆಗಳಲ್ಲಿ ಮುಗಿಯಬೇಕಾಗಿದ್ದ ಆಟ 50 ನಡೆಗಳಾದರೂ ಮುಗಿಯಲಿಲ್ಲ. ಆನೆಯನ್ನು ರಾಜನ ಮಗ್ಗುಲಲ್ಲಿಯೇ ಇಟ್ಟು ಕಾಯುವುದು ಮನುಷ್ಯರ ರೂಢಿ. ಯಂತ್ರ ಅದನ್ನು ರಾಜನಿಂದ ದೂರ ಕಳುಹಿಸಿ ಕಾಯುತ್ತಿತ್ತು. ಬ್ರೌನ್ ಕೆಲವು ವಾರ ಅಭ್ಯಾಸ ಮಾಡಿ ಮತ್ತೆ ಬಂದರು, ಸರಿಯಾಗಿ 50ನೆಯ ನಡೆಯಲ್ಲಿ ಆನೆಯನ್ನು ಹೊಡೆದು ಹಣವನ್ನು ಹಿಂದಕ್ಕೆ ಗೆದ್ದರು.

ಎರಡು ಒಂಟೆಗಳು ಒಂದು ಕುದುರೆಯನ್ನು ಗೆಲ್ಲಬಲ್ಲವೇ ಎಂಬ ಪ್ರಶ್ನೆಯ ಇತಿಹಾಸ ಇನ್ನೂ ದೀರ್ಘವಾದುದು. ಕ್ಲಿಂಗ್ ಮತ್ತು ಹಾರ್ವಿಟ್ಸ್ 1851ರಲ್ಲಿ ಕುದುರೆಯನ್ನು ಬಿ7ರಂತಹ ಮನೆಯಲ್ಲಿರಿಸಿ ರಾಜನನ್ನು ಅದರ ಪಕ್ಕಕ್ಕೆ ತಂದುಕೊಳ್ಳುವ ರಕ್ಷಣೆಯನ್ನು ವಿವರಿಸಿ, ಅದು ಡ್ರಾ ಎಂದಿದ್ದರು. ನೂರಕ್ಕೂ ಹೆಚ್ಚು ವರ್ಷ ಈ ಮಾತು ನಿಂತಿತು. 1983ರಲ್ಲಿ ಥಾಂಪ್ಸನ್ ಅವರ ಎಣಿಕೆ ಅದನ್ನು ತಳ್ಳಿಹಾಕಿತು: ಕೆಲವು ಅಪವಾದಗಳನ್ನು ಬಿಟ್ಟರೆ ಇದು ಒಂಟೆಗಳ ಗೆಲುವು, ಹೆಚ್ಚೆಂದರೆ 66 ನಡೆ. ಕೋಟೆಯನ್ನು ಒಡೆಯಬಹುದು, ಒಡೆದ ಮೇಲೆ ಕುದುರೆ ಇನ್ನೊಂದು ಮೂಲೆಯಲ್ಲಿ ಅದನ್ನೇ ಮತ್ತೆ ಕಟ್ಟಲು ಯತ್ನಿಸುತ್ತದೆ, ಅದನ್ನೂ ತಡೆಯಬೇಕು. ಈ ನಡುವಿನ ನಡೆಗಳಿಗೆ ಮನುಷ್ಯರ ಭಾಷೆಯಲ್ಲಿ ಕಾರಣ ಹೇಳುವುದು ಬಲ್ಲವರಿಗೂ ಕಷ್ಟವಾಯಿತು.

ಯಂತ್ರ ಹಳಬರನ್ನು ಯಾವಾಗಲೂ ತಪ್ಪೆಂದು ಸಾಧಿಸಿತು ಎನ್ನುವಂತಿಲ್ಲ. ಎರಡು ಕುದುರೆಗಳು ಒಂಟಿ ರಾಜನಿಗೆ ಬಲವಂತವಾಗಿ ಮಾತ್ ಹಾಕಲಾರವು. ಕೊನೆಯ ಗಳಿಗೆಯಲ್ಲಿ ರಾಜನಿಗೆ ನಡೆಯಿಲ್ಲದಾಗಿ ಸ್ಟೇಲ್‌ಮೇಟ್ ಆಗುತ್ತದೆ. ಆ ರಾಜನ ಬಳಿ ಒಂದು ಪದಾತಿಯೂ ಇದ್ದರೆ ಅದರ ನಡೆ ಸ್ಟೇಲ್‌ಮೇಟನ್ನು ತಪ್ಪಿಸಿ ಅವನಿಗೇ ಉರುಳಾಗಬಹುದು. ರಷ್ಯಾದ ಅಲೆಕ್ಸೆಯ್ ಟ್ರೊಯಿಟ್ಸ್ಕಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಕುದುರೆ ಆ ಪದಾತಿಯನ್ನು ಎಲ್ಲಿ ತಡೆದು ನಿಲ್ಲಿಸಿದರೆ ಗೆಲುವು ಸಿದ್ಧ ಎಂಬುದನ್ನು ಕೈಯಿಂದಲೇ ಲೆಕ್ಕಹಾಕಿ ಒಂದು ರೇಖೆಯನ್ನು ಗುರುತಿಸಿದ್ದರು. ಕೋಷ್ಟಕ ಆ ರೇಖೆಯನ್ನು ಎತ್ತಿಹಿಡಿಯಿತು.

ಐವತ್ತು ನಡೆಗಳ ನಿಯಮ

ಪದಾತಿ ಸರಿಯದೆ, ಕಾಯಿ ಹೊಡೆಯದೆ 50 ನಡೆಗಳು ಕಳೆದರೆ ಆಟಗಾರ ಡ್ರಾ ಕೇಳಬಹುದು. 50ಕ್ಕಿಂತ ಹೆಚ್ಚು ನಡೆ ಬೇಡುವ ಗೆಲುವುಗಳನ್ನು ಗಣಕ ತೋರಿಸಿದಾಗ ವಿಶ್ವ ಚೆಸ್ ಸಂಸ್ಥೆ ಫಿಡೆ 1984ರಲ್ಲಿ ಕೆಲವು ಅಂತ್ಯಾಟಗಳಿಗೆ ಮಿತಿಯನ್ನು 100ಕ್ಕೆ ಏರಿಸಿತು, ಮುಂದೆ 75ಕ್ಕೆ ಇಳಿಸಿತು, 1992ರಲ್ಲಿ ವಿನಾಯಿತಿಗಳನ್ನೆಲ್ಲ ತೆಗೆದುಹಾಕಿತು. ಏಳು ಕಾಯಿಗಳಲ್ಲಿ 549 ನಡೆಗಳ ಮಾತ್ ಕೂಡ ಇರುವುದು ತಿಳಿದ ಮೇಲೆ, ಮಿತಿಯನ್ನು ಯಂತ್ರದ ಹಿಂದೆ ಓಡಿಸದಿದ್ದುದೇ ವಿವೇಕದ್ದಾಯಿತು ಎನ್ನಬೇಕು. ನಿಯಮ ತಡೆಯದಿದ್ದರೆ ಮಾತ್ರ ಗೆಲುವಾಗುವ ಸ್ಥಿತಿಗಳನ್ನು ಸಿಜಿಜಿ ಕೋಷ್ಟಕ ‘ಶಾಪಗ್ರಸ್ತ ಗೆಲುವು’ ಎಂದು ಪ್ರತ್ಯೇಕಿಸುತ್ತದೆ. ಈ ಕೋಷ್ಟಕ ಎಣಿಸುವುದು ಮಾತ್‌ಗೆ ಇರುವ ದೂರವನ್ನಲ್ಲ, 50ರ ಎಣಿಕೆ ಮತ್ತೆ ಸೊನ್ನೆಯಾಗುವ ದೂರವನ್ನು. ಆದ್ದರಿಂದ ಇದನ್ನೇ ಅನುಸರಿಸಿ ಆಡುವ ಯಂತ್ರ ಕೆಲವೊಮ್ಮೆ ಕಾರಣವಿಲ್ಲದೆ ಕಾಯಿ ಬಿಟ್ಟುಕೊಟ್ಟಂತೆ ಕಾಣುತ್ತದೆ. ಅದು ತಪ್ಪು ನಡೆಯಲ್ಲ. ಗೆಲುವು ಉಳಿದೇ ಇರುತ್ತದೆ.

ಲಂಡನ್ 2018

ಎಂಜಿನ್‌ಗೂ ಮನುಷ್ಯನಿಗೂ ಇರುವ ಅಂತರ ಎಲ್ಲರ ಕಣ್ಣಿಗೆ ಬಿದ್ದದ್ದು 2018ರ ವಿಶ್ವ ಚಾಂಪಿಯನ್‌ಷಿಪ್‌ನ ಆರನೆಯ ಆಟದಲ್ಲಿ. ನವೆಂಬರ್ 16ರಂದು ಮ್ಯಾಗ್ನಸ್ ಕಾರ್ಲ್‌ಸನ್ ಎದುರು ಕಪ್ಪು ಕಾಯಿಗಳಲ್ಲಿ ಆಡುತ್ತಿದ್ದ ಫಾಬಿಯಾನೊ ಕರುವಾನಾ ಅಂತ್ಯಾಟದಲ್ಲಿ ಒಂದು ಕಾಯಿ ಹೆಚ್ಚು ಹೊಂದಿದ್ದರು. 68ನೆಯ ನಡೆಗೆ ಒಂಟೆಯನ್ನು ಎಚ್4ಕ್ಕೆ ತಂದರೆ 36 ನಡೆಗಳಲ್ಲಿ ಮಾತ್ ಎಂದು ಸೆಸೆ ಎಂಬ ಗಣಕ ತೋರಿಸಿತು. ಆ ಸಾಲಿನಲ್ಲಿ ಕಪ್ಪು ತನ್ನ ಕುದುರೆಯನ್ನು ಜಿ1ಕ್ಕೆ, ಹೊರಬರಲು ದಾರಿಯೇ ಇಲ್ಲವೆಂದು ತೋರುವ ಅಂಚಿನ ಮನೆಗೆ, ತಾನಾಗಿಯೇ ಕಳುಹಿಸಬೇಕಿತ್ತು. ಕರುವಾನಾ ಅದನ್ನು ಆಡಲಿಲ್ಲ. ಆಟ 80 ನಡೆಗಳಲ್ಲಿ ಡ್ರಾ ಆಯಿತು. ಪರದೆಯ ಮೇಲೆ ಅಂಕ ನೋಡುತ್ತಿದ್ದ ಪ್ರೇಕ್ಷಕರಿಗೆ ಅದು ಕೈತಪ್ಪಿದ ಗೆಲುವಾಗಿ ಕಂಡಿತು. ಹಲಗೆಯ ಮುಂದೆ ಕುಳಿತವನು ಆ ನಡೆಯನ್ನು ಕಾಣಬೇಕಿತ್ತು ಎನ್ನುವುದು ನ್ಯಾಯವಲ್ಲ.

ವಿಶ್ಲೇಷಣೆಯ ಕ್ರಮ

ಏಳಕ್ಕಿಂತ ಹೆಚ್ಚು ಕಾಯಿಗಳಿರುವ ಸ್ಥಿತಿಯಲ್ಲಿ ಎರಡೂ ಸಾಧನಗಳನ್ನು ಕೂಡಿಸಿ ಬಳಸಲಾಗುತ್ತದೆ. ಎಂಜಿನ್‌ಗೆ ಕೋಷ್ಟಕವನ್ನು ಜೋಡಿಸಿದರೆ, ಕಾಯಿಗಳ ವಿನಿಮಯದಿಂದ ಕೋಷ್ಟಕದೊಳಗೆ ಇಳಿಯುವ ಶಾಖೆಗಳಲ್ಲಿ ಅಂದಾಜಿನ ಬದಲು ನಿರ್ಣಯ ಸಿಗುತ್ತದೆ. ಉಳಿದ ಕಡೆ ಅಂಕವನ್ನು ನೇರವಾಗಿ ನಂಬುವಂತಿಲ್ಲ. ಎಂಜಿನ್ ಸೂಚಿಸಿದ ಸಾಲಿನಲ್ಲಿ ಹತ್ತಿಪ್ಪತ್ತು ನಡೆ ಮುಂದೆ ಸಾಗಿದ ಮೇಲೂ ಅಂಕ ಏರದೆ ಇದ್ದಲ್ಲೇ ನಿಂತಿದ್ದರೆ ಅಲ್ಲಿ ಕೋಟೆಯಿರುವ ಸಂಶಯ ಬಲವಾಗುತ್ತದೆ. ಆಗ ರಕ್ಷಿಸುವ ಕಡೆಯವರ ಸುರಕ್ಷಿತ ಮನೆಗಳನ್ನು ಗುರುತಿಸಿ, ಪದಾತಿ ಮುನ್ನಡೆಸುವ ಅಥವಾ ಕಾಯಿ ಬಲಿಕೊಡುವ ಪ್ರತಿಯೊಂದು ಯತ್ನವನ್ನೂ ಕೈಯಾರೆ ಪರೀಕ್ಷಿಸಬೇಕಾಗುತ್ತದೆ. ಅದೇ ಸ್ಥಿತಿಯನ್ನು ಸರದಿ ಬದಲಿಸಿ ಇನ್ನೊಮ್ಮೆ ಎಣಿಸಿ ನೋಡಿದರೆ ಜುಗ್ಜ್ವಾಂಗ್ ಇದ್ದಲ್ಲಿ ಬಯಲಾಗುತ್ತದೆ.

ಮೊದಲು ದೀರ್ಘ ಆಟಗಳನ್ನು ರಾತ್ರಿ ನಿಲ್ಲಿಸಿ ಮರುದಿನ ಮುಂದುವರಿಸುವ ಪದ್ಧತಿಯಿತ್ತು. ಬಿಡುವಿನಲ್ಲಿ ಗಣಕದಿಂದ ಉತ್ತರ ಪಡೆಯುವುದು ಸಾಧ್ಯವಾದ ಮೇಲೆ 1990ರ ದಶಕದಲ್ಲಿ ಆ ಪದ್ಧತಿ ಮರೆಯಾಯಿತು. ಎಂಜಿನ್ ಬಳಕೆಗೆ ಅನುಮತಿಯಿರುವ ಅಂಚೆ ಚೆಸ್‌ನಲ್ಲಿ ಮಾತ್ರ ಕೋಷ್ಟಕದ ಆಧಾರದ ಮೇಲೆ ಗೆಲುವು ಅಥವಾ ಡ್ರಾ ಕೇಳಲು ಅವಕಾಶವಿದೆ.

ಕರ್ನಾಟಕದ ಸಂಬಂಧ

ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಚದುರಂಗದ ವಿವರಣೆಯಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಕುದುರೆಯು ಹಲಗೆಯ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಸಮಸ್ಯೆಗಳಲ್ಲಿ ಆಸಕ್ತರಾಗಿದ್ದರು. ನಡೆಗಳ ಕ್ರಮಸಂಖ್ಯೆಗಳು ಮಾಯಾಚೌಕವಾಗುವ ಬಗೆಯ ಸಂಚಾರಗಳನ್ನೂ ಅವರು ರಚಿಸಿದರು. ಇದು ಅಂತ್ಯಾಟವಲ್ಲ. ಆದರೆ ಇದರ ಕೊನೆಯ ಪ್ರಶ್ನೆಯೂ ಟೇಬಲ್‌ಬೇಸ್‌ನ ದಾರಿಯಲ್ಲೇ, ಎಲ್ಲ ಸಾಧ್ಯತೆಗಳನ್ನೂ ಬರಿದುಮಾಡಿಯೇ ತೀರ್ಮಾನವಾಯಿತು. ಅಡ್ಡ ಮತ್ತು ಉದ್ದ ಸಾಲುಗಳ ಮೊತ್ತ 260 ಆಗುವ 140 ಭಿನ್ನ ಸಂಚಾರಗಳು ಇವೆಯೆಂದೂ, ಎರಡು ಮುಖ್ಯ ಕರ್ಣಗಳ ಮೊತ್ತವೂ 260 ಆಗುವ ಸಂಚಾರ ಒಂದೂ ಇಲ್ಲವೆಂದೂ 2003ರ ಆಗಸ್ಟ್‌ನಲ್ಲಿ ಮುಗಿದ ಗಣಕ ಎಣಿಕೆ ತೋರಿಸಿತು.